ಸಬ್‌ಮರೀನಿನ ತೋಪು, ಮೀನು ಬೋಟಿನ ಡೆಕ್ಕು

ಹೊನ್ನಾವರಕ್ಕೆ ವರ್ಗವಾಗಿ ಬಂದ ಮೊದಲ ವರ್ಷ ನನಗೆ ಗುರುತಿನವರು ಯಾರೂ ಇರಲಿಲ್ಲ. ಸಂಜೆ ಆಫೀಸು ಮುಗಿಸಿ ಬಾಡಿಗೆ ಕೋಣೆಗೆ ಬಂದವನೇ ಕಂಪ್ಯೂಟರಿನಲ್ಲಿ ಸಬ್‌ಮರೀನ್ ನಡೆಸುತ್ತಿದ್ದೆ. ಅದು ಮಹಾಯುದ್ಧದ ಕಾಲದ ಆಟ. ಟಾರ್ಪಿಡೊ ಖಾಲಿಯಾದರೆ ನೀರಿನ ಮೇಲೆದ್ದು, ಡೆಕ್ಕಿನ ತೋಪಿನಿಂದ ಸರಕು ಹಡಗಿಗೆ ಹೊಡೆಯಬೇಕು. ಒಂದು ಗುಂಡಿ ಒತ್ತಿದರೆ ಸಾಕು, ತೋಪು ಸಿದ್ಧ. ಕಡಲು ಎಷ್ಟೇ ಎದ್ದರೂ ಗುರಿ ಹೆಚ್ಚು ತಪ್ಪುತ್ತಿರಲಿಲ್ಲ. ಹಡಗು ಮುಳುಗಿದ ಮೇಲೆ ಎದ್ದು ಅನ್ನಕ್ಕಿಡುತ್ತಿದ್ದೆ.

ನಿಜವಾದ ತೋಪಿನ ವಿಷಯ ಆಮೇಲೆ ಓದಿದೆ. ಅಲೆ ಎಳೆದೊಯ್ಯದಂತೆ ನಾವಿಕರು ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು ನಿಲ್ಲುತ್ತಿದ್ದರಂತೆ. ಗುಂಡುಗಳು ಸಬ್‌ಮರೀನಿನ ಒಳಗಿನಿಂದ ಕೈಯಿಂದ ಕೈಗೆ ದಾಟಿ ಬರಬೇಕು. ಕಡಲು ಸ್ವಲ್ಪ ಕೆಟ್ಟರೂ ತೋಪು ನಿರುಪಯೋಗಿ.

ಬಂದರಿನ ಬಳಿಯ ಚಹಾದಂಗಡಿಯಲ್ಲಿ ದಿನಾ ಸಿಗುತ್ತಿದ್ದ ಮೀನು ಬೋಟು ನಡೆಸುವ ತಾಂಡೇಲರಿಗೆ ಒಮ್ಮೆ ಇದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಐತವಾರ ಬೆಳಿಗ್ಗೆ ಬೋಟಿಗೆ ಬಂದು ನೋಡಿ ಎಂದರು.

ನದಿ ಕಡಲು ಸೇರುವ ಅಳಿವೆ ದಾಟುತ್ತಲೇ ಬೋಟು ಹೊರಳಾಡತೊಡಗಿತು. ನಾನು ಜೊತೆಗೆ ತಂದಿದ್ದ ದುರ್ಬೀನು ತೆಗೆದು ದೂರದ ಇನ್ನೊಂದು ಬೋಟಿನ ಬಾವುಟದ ಮೇಲೆ ಗುರಿಯಿಡಲು ನೋಡಿದೆ. ಒಮ್ಮೆ ಬರೀ ಆಕಾಶ, ಒಮ್ಮೆ ಬರೀ ನೀರು. ಒಂದು ಅಲೆ ಪಕ್ಕದಿಂದ ಹೊಡೆದಾಗ ಕಾಲು ಜಾರಿತು. ತಾಂಡೇಲರು ಹಿಂದಿನಿಂದ ನನ್ನ ಸೊಂಟದ ಬೆಲ್ಟು ಹಿಡಿದರು.

"ಒಬ್ರೇ ನಿಂತ್ರೆ ಆಗೂದಿಲ್ಲ ಸರ್. ಹಿಡ್ಕಳ್ಳೂಕೆ ಹಿಂದೊಬ್ಬ ಬೇಕು," ಎಂದರು. "ನಿಮ್ಮ ಆಟದಲ್ಲಿ ಹಿಡ್ಕಂಬವ ಯಾರು?"

ಯಾರೂ ಇಲ್ಲ ಎಂದೆ.

ಆ ಒರಟು ಕೈ ಬೆನ್ನಿಗೆ ತಾಗಿದಾಗಲೇ ನನಗೆ ಹೊಳೆದದ್ದು, ಈ ಊರಿಗೆ ಬಂದಾಗಿನಿಂದ ಯಾರೂ ನನ್ನನ್ನು ಮುಟ್ಟಿಯೇ ಇರಲಿಲ್ಲ. ಅಷ್ಟರಲ್ಲಿ ವಾಂತಿಯಾಯಿತು, ಅದು ಒಳ್ಳೆಯದೇ ಆಯಿತು. ಕಣ್ಣಲ್ಲಿ ನೀರು ಬಂದದ್ದಕ್ಕೆ ಕಾರಣ ಹೇಳಬೇಕಾಗಲಿಲ್ಲ. ಎಂಟು ಜನ ಸೇರಿ ಬಲೆ ಎಳೆಯುವುದನ್ನು ಮೂಲೆಯಲ್ಲಿ ಕೂತು ನೋಡಿದೆ. ಅವರಲ್ಲೊಬ್ಬರು ನಾನು ಕೇಳದೆಯೇ ನನಗೂ ಗಂಜಿ ಬಡಿಸಿಕೊಟ್ಟರು.

ಮುಂದಿನ ಐತವಾರ ಬೆಳಕು ಹರಿಯುವ ಮೊದಲೇ ಎದ್ದು ಬಂದರಿಗೆ ಹೋದೆ. ಬೋಟು ಆಗಲೇ ಹೋಗಿತ್ತು. ಮಲ್ಪೆ ಕಡೆಗೆ, ವಾರ ಹದಿನೈದು ದಿನ ಬರಲಿಕ್ಕಿಲ್ಲ ಎಂದು ಚಹಾದಂಗಡಿಯವರು ಹೇಳಿದರು. ಫೋನ್ ನಂಬರು ಕೇಳಿಟ್ಟುಕೊಳ್ಳಬೇಕೆಂದು ನನಗೆ ತೋಚಿರಲಿಲ್ಲ. ಒಂದು ಚಹಾ ಹೇಳಿ, ಬೆಂಚಿನ ತುದಿಯಲ್ಲಿ ಕೂತೆ.