ತಾಲೀಮಮ್ಮ ಮಗಳಾದದ್ದು

ಐವತ್ತೆಂಟು ವರ್ಷದ, ಮಂಡಿನೋವಿನ ಹೆಂಗಸೊಬ್ಬಳು ಯಾರದೋ ಮನೆಯ ಸೋಫಾದ ಮೇಲೆ ಕಾಲು ಚಾಚಿ, "ನನ್ನ ತಂಟೆಗೆ ಬರಬೇಡಿ, ನಿಮಗೇನೂ ಅರ್ಥ ಆಗಲ್ಲ!" ಅಂತ ಕಿರುಚೋದಕ್ಕೆ ಸಂಬಳ ತಗೊಳ್ತಾಳೆ ಅಂದರೆ ನೀವು ನಂಬಲ್ಲ. ಬಿಡಿ, ಆಕೆಯ ಗಂಡನೇ ಎಷ್ಟೋ ದಿನ ನಂಬಿರಲಿಲ್ಲ.

ತಿಂಗಳುಗಟ್ಟಲೆ ಚಿಕಿತ್ಸಾ ಕೇಂದ್ರದಲ್ಲಿದ್ದು ಮನೆಗೆ ಮರಳುವ ಮಕ್ಕಳ ಅಪ್ಪ ಅಮ್ಮನನ್ನು ತಯಾರು ಮಾಡುವುದು ಆಕೆಯ ಕೆಲಸ. ಉಪದೇಶ ಗಿಪದೇಶ ಏನಿಲ್ಲ. ಮಗುವಿನ ಕಡತ ಓದಿಕೊಂಡು ಬಂದು ತಾನೇ ಆ ಮಗುವಾಗಿ ರಚ್ಚೆ ಹಿಡಿಯುತ್ತಾಳೆ. ಹೆತ್ತವರು ಸಿಡುಕದೆ ಮಾತಾಡುವುದನ್ನು ಕಲಿಯಬೇಕು. ಎಲ್ಲರ ಬಾಯಲ್ಲೂ ಆಕೆ ತಾಲೀಮಮ್ಮ.

ಈ ಸಲದ ಮನೆ ಒಬ್ಬ ಲಿಫ್ಟ್ ಮೆಕ್ಯಾನಿಕ್‌ನದು. ನಾಲ್ಕನೇ ಮಹಡಿ, ಆ ಕಟ್ಟಡಕ್ಕೇ ಲಿಫ್ಟಿಲ್ಲ! ತಾಲೀಮಮ್ಮ ದಿನಾ ಏದುಸಿರು ಬಿಡುತ್ತಾ ಹತ್ತುತ್ತಿದ್ದಳು. ಅವನ ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹದಿನಾರರ ಮಗಳು ಪುಟ್ಟಿ, ಮನಸ್ಸು ಕಂಗೆಟ್ಟು, ಆರು ತಿಂಗಳಿಂದ ಕೇಂದ್ರದಲ್ಲಿದ್ದಳು. ಎರಡು ವಾರ ಕಳೆದು ಶುಕ್ರವಾರ ಬಂದು ಮೂರು ದಿನ ಇರುತ್ತಾಳೆ. ಹೊಂದಿಕೊಂಡರೆ ಸರಿ, ಇಲ್ಲದಿದ್ದರೆ ಮತ್ತೆ ಆರು ತಿಂಗಳು ಅಲ್ಲೇ.

ಮೊದಲ ದಿನ ತಾಲೀಮಮ್ಮ ತಟ್ಟೆ ತಳ್ಳಿದ್ದೇ ತಡ, ಮೆಕ್ಯಾನಿಕ್ ಕೆಂಡವಾದ. "ಏಯ್, ಕೊಬ್ಬು ಜಾಸ್ತಿ ಆಯ್ತಾ ನಿಂಗೆ?" ಮರುಕ್ಷಣ ನಾಲಿಗೆ ಕಚ್ಚಿಕೊಂಡು, "ಅಯ್ಯಯ್ಯೋ, ಕ್ಷಮಿಸಿ ಮೇಡಂ" ಅಂದ.

"ಮೇಡಂ ಅಲ್ಲ, ಪುಟ್ಟಿ ಅನ್ನಿ" ಎಂದು ಗದರಿದಳು ತಾಲೀಮಮ್ಮ.

ಎರಡನೇ ವಾರಕ್ಕೆ ಆಸಾಮಿ ಬೆಣ್ಣೆಯಾಗಿದ್ದ. ಕೈಯಲ್ಲಿ ಸ್ಪ್ಯಾನರ್ ಹಿಡಿದೇ, "ನಿಂಗೆ ಬೇಜಾರಾಗಿದೆ ಅಂತ ಗೊತ್ತಾಗುತ್ತೆ ಪುಟ್ಟಿ" ಅನ್ನುತ್ತಿದ್ದ. ಹೆಂಡತಿ ಇನ್ನೂ ಒಂದು ಹೆಜ್ಜೆ ಮುಂದೆ. ತಾಲೀಮು ನಿಜ ಅನ್ನಿಸಲಿ ಅಂತ ಮಗಳ ಹಳದಿ ಸ್ವೆಟರಿನ ಹೊಲಿಗೆ ಬಿಚ್ಚಿ, ಪಕ್ಕಕ್ಕೆ ಬಟ್ಟೆ ಕೊಟ್ಟು, ತಾಲೀಮಮ್ಮನ ಅಳತೆಗೆ ತಂದಳು! ತಾಲೀಮಮ್ಮನೂ, ಏನು ಹೇಳಲಿ, ಖುಷಿಯಾಗಿ ತೊಟ್ಟುಕೊಂಡಳು. ಆಕೆಯ ಮನೆಯಲ್ಲಿ ಯಾರೂ ಅಷ್ಟು ಮುದ್ದಾಗಿ ಮಾತಾಡಿಸುತ್ತಿರಲಿಲ್ಲ.

ಶುಕ್ರವಾರ ಕೇಂದ್ರದ ವ್ಯಾನು ಒಂದು ಗಂಟೆ ಮೊದಲೇ ಬಂತು. ಮಗಳು ಚೀಲ ಹೊತ್ತು ಒಳಗೆ ಕಾಲಿಟ್ಟಾಗ ಅಪ್ಪ ಹಳದಿ ಸ್ವೆಟರಿನ ಮುದುಕಿಯ ತಲೆ ಸವರುತ್ತಾ, "ನೀನಂದ್ರೆ ನಮಗೆ ಪ್ರಾಣ" ಅನ್ನುತ್ತಿದ್ದ.

"ಪುಟ್ಟೀ!" ಎಂದು ಚೀರಿದಳು ಅಮ್ಮ.

"ಏನಮ್ಮಾ?" ಇಬ್ಬರೂ ಒಟ್ಟಿಗೇ ಓಗೊಟ್ಟರು.

ತಾಲೀಮಮ್ಮನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಸ್ವೆಟರ್ ಬಿಚ್ಚಲು ಹೋದರೆ ಅದು ಕುತ್ತಿಗೆಗೆ ಸಿಕ್ಕಿಕೊಂಡಿತು. ಹುಡುಗಿಯ ಮುಖ ಕಪ್ಪಿಟ್ಟಿತ್ತು. ಈಗಲೇ ವ್ಯಾನಿಗೆ ವಾಪಸ್ ಹೋಗಿಬಿಟ್ಟರೆ? ತಪ್ಪೆಲ್ಲಾ ತನ್ನದೇ.

"ನನ್ ಥರ ಮಾಡ್ತಿದ್ರಾ?" ಹುಡುಗಿ ಕೇಳಿದಳು. "ಮಾಡಿ, ನೋಡ್ತೀನಿ."

ಬೇರೆ ದಾರಿಯಿರಲಿಲ್ಲ. ತಾಲೀಮಮ್ಮ ಒಂದು ತೋಳು ಒಳಗೆ, ಒಂದು ಹೊರಗೆ ಇದ್ದ ಹಾಗೆಯೇ ಮುಖ ಊದಿಸಿದಳು, ಕಿರುಚಿದಳು, ಮಂಡಿ ಹಿಡಿದುಕೊಂಡು ಕೋಣೆಗೆ ಕುಂಟಿ ಬಾಗಿಲನ್ನು ದಢಾರನೆ ಹಾಕಿ, ಮತ್ತೆ ತೆಗೆದು ಹೊರಬಂದಳು. ಹುಡುಗಿ ನಕ್ಕಳು. ಆಮೇಲೆ ನಗು ನಿಂತಿತು.

"ಅಲ್ಲಿಗೇ ಮುಗಿಸಿಬಿಟ್ರಾ? ಇನ್ನೂ ಇದೆ." ಅವಳು ಕೋಣೆಯೊಳಗೆ ಹೋಗಿ ಬಾಗಿಲ ಹಿಂದೆ ಕಿವಿಯಾನಿಸಿ ನಿಂತಳು. "ಹೀಗೆ ನಿಂತಿರ್ತಿದ್ದೆ. ಯಾರಾದ್ರೂ ಬಂದು ತಟ್ತೀರೇನೋ ಅಂತ. ಅಪ್ಪ ಅಮ್ಮ, ನೀವಿಬ್ರೂ ಟೀವಿ ಹಾಕ್ಕೊಳ್ತಿದ್ರಿ." ಬಾಗಿಲು ಮುಚ್ಚಿತು. ಚಿಲಕವೂ ಬಿತ್ತು.

ಅಮ್ಮ ಸೆರಗನ್ನು ಬಾಯಿಗೊತ್ತಿಕೊಂಡಳು. ಮೆಕ್ಯಾನಿಕ್ ತಾಲೀಮಮ್ಮನ ಕಡೆ ತಿರುಗಿದ. "ಈಗ ಏನನ್ಬೇಕು ಮೇಡಂ?"

"ನಂಗೊತ್ತಿಲ್ಲಪ್ಪಾ" ಅಂದಳು ತಾಲೀಮಮ್ಮ. ಆಕೆಗೆ ಅಳು ಬಂದಿತ್ತು. "ಇದು ಕಡತದಲ್ಲಿರಲಿಲ್ಲ."

ಅವನು ಬಾಗಿಲವರೆಗೆ ಹೋದ. ಮೆಲ್ಲಗೆ ತಟ್ಟಿದ.

"ಯಾರು?"

"ನಾನು ಕಣೆ, ಅಪ್ಪ."

"ಏನ್ ಬೇಕು?"

"ಏನಿಲ್ಲ" ಅಂದ. "ಬರೋದು ತಡವಾಯ್ತು, ಅಷ್ಟೇ."

ಚಿಲಕ ತೆಗೆದ ಸದ್ದಾಯಿತು.