ನೋವು ಯಾವ ಮೆಟ್ಟಿಲಲ್ಲಿ?

ಗೆಳೆಯರೇ, ಇವತ್ತು ದಾಂಡೇಲಿಯ ಈಜುಕೊಳದಲ್ಲಿ ನಮ್ಮವ್ವನಿಗೂ ಫಿಜಿಯೋಥೆರಪಿ ಮಾಡಿಸುವ ರೇಷ್ಮಾಗೂ ಸಣ್ಣ ಜಗಳವಾಯಿತು. ಎಪ್ಪತ್ತೆರಡರ ಅವ್ವನಿಗೆ ಬಿಪಿ, ಶುಗರ್, ಮಂಡಿನೋವು ಮೂರೂ ಇವೆ. ಎದೆಮಟ್ಟದ ನೀರಿನಲ್ಲಿ ಒಂದು ನಿಮಿಷ ಜೋರಾಗಿ, ಒಂದು ನಿಮಿಷ ನಿಧಾನವಾಗಿ ನಡೆಯುವುದೇ ವ್ಯಾಯಾಮ. ನನ್ನ ಹಳೆಯ ಚೂಡಿದಾರ ತೊಟ್ಟು ನೀರಿಗಿಳಿದವಳು ಎರಡು ಸುತ್ತು ನಡೆದು ಗಕ್ಕನೆ ನಿಂತಳು.

ರೇಷ್ಮಾ ಗಾಬರಿಯಾದಳು. “ಏನಾತ್ರಿ ಅಜ್ಜಿ? ಎದಿ ನೋಯಾಕತ್ತೈತೇನ್ರಿ?”

“ಎದಿ ಅಲ್ಲವಾ, ಮೊಣಕಾಲ. ನೋಯವಲ್ದು!”

ಅವ್ವ ಕಂಬಿ ಹಿಡಿದು ಮೆಟ್ಟಿಲು ಹತ್ತಿದಳು. ನೋವು ಬಂತು. ಮತ್ತೆ ಇಳಿದಳು. ಹೋಯಿತು. ಹೀಗೆ ನಾಲ್ಕು ಸಲ.

“ಅಜ್ಜಿ, ನಡೀಬೇಕ್ರಿ! ಹತ್ತಿ ಇಳಿಯೂದಲ್ಲ!”

“ತಡಿಯವಾ, ಯಾವ ಮೆಟ್ಟಲದಾಗ ಹೊಳ್ಳಿ ಬರ್ತೈತಿ ನೋಡಾಕತ್ತೇನಿ.”

“ನೀರು ನಿಮ್ಮ ಭಾರ ಹೊರತೈತ್ರಿ, ಅದಕ್ಕ ನೋಯಂಗಿಲ್ಲ,” ಎಂದು ರೇಷ್ಮಾ ಕೈ ಹಿಡಿದು ಕೊನೆಯವರೆಗೂ ನಡೆಸಿದಳು.

ಮನೆಗೆ ಬರುವಾಗ ಆಟೋದಲ್ಲಿ ಅವ್ವ ಕೇಳಿದಳು, “ನಮ್ಮ ಅಡಗಿಮನ್ಯಾಗ ಎದಿಮಟ ನೀರು ನಿಂದ್ರಸಾಕ ಬರ್ತೈತೇನ?”

“ಗ್ಯಾಸ್ ಒಲಿ ಹತ್ತಂಗಿಲ್ಲ ಬೇ,” ಎಂದೆ.

ಅದೊಂದೇ ತೊಂದರೆ ಎಂಬಂತೆ ಸಂಜೆಯಿಂದ ಒಲೆಯನ್ನೇ ನೋಡುತ್ತಾ ಕೂತಿದ್ದಾಳೆ.