ಹರಿಗೋಲಿನ ಕಾಲು, ಗರಡಿಯ ಮಣ್ಣು

ಕಂಪ್ಲಿಯ ಹೊಳೆಗೆ ಸೇತುವೆ ಇಲ್ಲದ ಕಾಲ. ಈಚೆ ದಡ ಮದ್ರಾಸಿನದು, ಆಚೆ ದಡ ನಿಜಾಮನದು. ನಡುವೆ ತೊಗಲಿನ ಹರಿಗೋಲಿನಲ್ಲಿ ಜನರನ್ನು ದಾಟಿಸುವುದು ನನ್ನ ಮತ್ತು ತಮ್ಮನ ಕೆಲಸ. ತಮ್ಮನಿಗೆ ಕುಸ್ತಿಯ ಹುಚ್ಚು. ಹಿಂದಿನ ಸಲ ಕುತ್ತಿಗೆ ಉಳುಕಿಸಿಕೊಂಡು ಬಂದಿದ್ದ. ಹೊಸಪೇಟೆಯ ಕುಸ್ತಿಗೆ ಹೊರಟಾಗ ಅವ್ವ ಖಡಾಖಂಡಿತವಾಗಿ ಹೇಳಿದಳು:

"ಈ ಸಲ ಚಿತ್ತಾದಿ ಅಂದ್ರ ಗರಡಿ ಬಿಡಬೇಕು."

ನನ್ನ ಕಡೆ ತಿರುಗಿದಳು. "ನೀ ಕಂಡದ್ದು ಕಂಡಂಗ ಬಂದು ಹೇಳು."

ಆದ್ದರಿಂದ ಹೊಸಪೇಟೆಯ ಕಣದಲ್ಲಿ ನಾನು ಕಣ್ಣು ಮಿಟುಕಿಸದೆ ನೋಡಿದೆ. ಎರಡೂ ಭುಜ ಒಟ್ಟಿಗೆ ಮಣ್ಣಿಗೆ ತಾಗಿದರೆ ಚಿತ್. ಒಂದೇ ತಾಗಿದರೆ ಆಟ ಮುಂದುವರಿಯುತ್ತದೆ.

ಎದುರಾಳಿ ಸಂಡೂರಿನ ಗುಡ್ಡದಲ್ಲಿ ಅದಿರು ಹೊರುವವನು. ಕಾಲು ಅಗಲಿಸಿ ನಿಂತನೆಂದರೆ ಊರಿದ ಕಂಬ. ಮುನ್ನುಗ್ಗಿ ತಮ್ಮನನ್ನು ತಳ್ಳಿದ. ತಮ್ಮ ಥಟ್ಟನೆ ಹಿಂದಕ್ಕೆ ವಾಲಿದ. ಅದು ಹೊಳೆಯ ಅಭ್ಯಾಸ. ಹರಿಗೋಲಿನ ಒಂದು ಅಂಚಿಗೆ ಭಾರ ಬಿದ್ದರೆ ನಾವು ಇನ್ನೊಂದು ಅಂಚಿಗೆ ವಾಲುತ್ತೇವೆ. ಅಲ್ಲಿ ಅದೇ ಸಮತೋಲ. ಇಲ್ಲಿ ಮೈಭಾರ ಹಿಮ್ಮಡಿ ದಾಟಿ ಹೋಯಿತು. ಬಿದ್ದ. ಎಡಭುಜ ಮಣ್ಣಿಗೆ ತಾಗಿತು, ಬಲಭುಜ ಇನ್ನೂ ಮೇಲಿತ್ತು. ಹೇಗೋ ಹೊರಳಿ ಎದ್ದ.

"ಲೇ ಅಂಬಿಗ, ನೀರಿಲ್ಲೋ ಇಲ್ಲಿ!" ಯಾರೋ ಕೂಗಿದರು. ಜನ ಹೋ ಎಂದು ನಕ್ಕರು.

"ಮಣಕಾಲು ಬಗ್ಗಸಲೇ!" ನಮ್ಮ ಗರಡಿಯ ಉಸ್ತಾದರು ಗುಡುಗಿದರು. "ಅವನ ಸೊಂಟಕ್ಕಿಂತ ನಿನ್ನ ಸೊಂಟ ಕೆಳಗಿರ್ಲಿ!"

ಮತ್ತೆ ನುಗ್ಗಿದವನ ಕೈಯನ್ನು ತಮ್ಮ ಹಿಡಿದ. ಮಂಡಿ ಮಡಿಸಿ, ಗರ್ರನೆ ತಿರುಗಿ, ಅವನ ಹೊಟ್ಟೆಯ ಕೆಳಗೆ ತನ್ನ ಸೊಂಟ ಸೇರಿಸಿದ. ಬಂಡೆ ಮೀಟುವಾಗ ಹಾರೆಯ ಕೆಳಗೆ ಸಣ್ಣ ಕಲ್ಲು ಇಡುವುದಿಲ್ಲವೇ, ಹಾಗೆ. ಆಮೇಲೆ ಎಳೆದದ್ದು ಕೈಯನ್ನು ಮಾತ್ರ. ಆ ಕಂಬದಂಥ ಆಳಿನ ಎರಡೂ ಪಾದ ನೆಲ ಬಿಟ್ಟವು! ನಾನು ಕೂಗುತ್ತಿದ್ದೆನೆಂಬುದು ಗಂಟಲು ಕಟ್ಟಿದ ಮೇಲೆ ತಿಳಿಯಿತು. ಅವನು ಬೆನ್ನ ಮೇಲೆ ಬಿದ್ದ, ಎರಡೂ ಭುಜ ಮಣ್ಣಲ್ಲಿ.

ಮನೆಯಲ್ಲಿ ಅವ್ವ ತಮ್ಮನ ಅಂಗಿ ಎತ್ತಿದಳು. ಎಡಭುಜದ ಮೇಲೆ ಕೆಮ್ಮಣ್ಣು.

"ಇದೇನು?"

"ಒಂದ ಭುಜ, ಅವ್ವಾ. ಬಲಗಡೆ ನೋಡು, ಮಣ್ಣಿಲ್ಲ." ನಾನು ಕಂಡದ್ದು ಕಂಡಂಗ ಹೇಳಿದೆ.

"ಒಂದಾದ್ರೂ ಯಾಕ ತಾಗ್ತು?"

"ಹರಿಗೋಲದಾಗ ಅದೀನಿ ಅನ್ಕೊಂಡ."

ಅವ್ವ ಎಣ್ಣೆಯ ಬಟ್ಟಲು ತಂದು, ಅವನನ್ನು ಕೂರಿಸಿ ಕುತ್ತಿಗೆ ತಿಕ್ಕತೊಡಗಿದಳು.

"ಹೋಗು ಗರಡಿಗೆ. ಹೊಳ್ಯಾಗ ಮಾತ್ರ ಕುಸ್ತಿ ನೆನಸಬ್ಯಾಡ, ಹರಿಗೋಲದಾಗ ಜನ ಇರ್ತಾರ."